ಓಮದ ನೀರು ಕುಡಿದ ರಾತ್ರಿ

ನಮ್ಮ ದೊಡ್ಡಮ್ಮನಿಗೆ ಹೃದಯಾಘಾತವಾದ ರಾತ್ರಿ ಮನೆಯಲ್ಲಿ ಹದಿನೆಂಟು ಜನ ಇದ್ದೆವು. ಅರಸೀಕೆರೆ ಕಡೆಯ ಊರು, ಮಾರನೇ ದಿನ ಮೊಮ್ಮಗನ ನಾಮಕರಣ. ಸಂಜೆಯೆಲ್ಲ ಒಬ್ಬಟ್ಟಿಗೆ ಹೂರಣ ರುಬ್ಬಿದವಳು ಒಂಬತ್ತರ ಹೊತ್ತಿಗೆ ಬೆನ್ನು ಹಿಡಿದುಕೊಂಡಿದೆ ಎಂದಳು. ರುಬ್ಬಿದ್ದಕ್ಕೆ ಅಂದುಕೊಂಡೆವು. ದವಡೆ ಸೆಳೆಯುತ್ತಿದೆ ಎಂದಳು. ಅವಳಿಗೊಂದು ಹುಳುಕು ಹಲ್ಲಿತ್ತು. ಕುಪ್ಪಸ ಒದ್ದೆಯಾಗುವಷ್ಟು ಬೆವರಿದಳು. ಏಪ್ರಿಲ್ ತಿಂಗಳು, ಅದರ ಮೇಲೆ ಒಲೆಯ ಮುಂದೆ ಕೂತವಳು. ಹೊಟ್ಟೆ ತೊಳಸಿ ಒಂದು ಸಲ ವಾಂತಿಯೂ ಆಯಿತು. ಎಣ್ಣೆಯ ಘಾಟು ಇರಬೇಕು. ಹೀಗೆ ಒಂದೊಂದಕ್ಕೂ ಒಂದೊಂದು ಕಾರಣ ಕೈಗೆ ಸಿಗುವಷ್ಟು ಹತ್ತಿರದಲ್ಲೇ ಇತ್ತು. ಕೊನೆಗೆ ಅವಳೇ "ಏನೂ ಇಲ್ಲ ಕಣೇ, ಗ್ಯಾಸು" ಎಂದು ತೀರ್ಮಾನ ಕೊಟ್ಟು, ಓಮದ ನೀರು ಕಾಯಿಸಿಕೊಂಡು ಕುಡಿದು, ಗೋಡೆಗೆ ಒರಗಿ ಕೂತಳು. ಮಲಗಿದರೆ ಉಸಿರು ಕಟ್ಟುತ್ತಿತ್ತಂತೆ. ಅದನ್ನು ಅವಳು ಹೇಳಿದ್ದು ಎರಡು ದಿನದ ಮೇಲೆ, ಐಸಿಯುನಲ್ಲಿ.

ಬೆಳಗ್ಗೆ ಎದ್ದು ಸ್ನಾನ ಮಾಡಿ, ಮಗುವಿನ ಕಿವಿಯಲ್ಲಿ ಹೆಸರು ಹೇಳಿ, ಪಂಕ್ತಿ ಮುಗಿಯುವವರೆಗೂ ಓಡಾಡಿದಳು. ಮಧ್ಯಾಹ್ನ ಎರಡಕ್ಕೆ ಕೈ ತೊಳೆಯಲು ಹೋದವಳು ಬಚ್ಚಲ ಕಟ್ಟೆಯ ಮೇಲೆ ಕುಸಿದಾಗಲೇ ಕಾರು ತೆಗೆದದ್ದು. ಇಸಿಜಿ ಕಾಗದ ನೋಡುತ್ತಲೇ ಡಾಕ್ಟರು ಕೇಳಿದ ಮೊದಲ ಪ್ರಶ್ನೆ: "ನೋವು ಶುರುವಾಗಿದ್ದು ಎಷ್ಟು ಗಂಟೆಗಮ್ಮ?" ನಾವು ಲೆಕ್ಕ ಹಾಕಿದೆವು. ಹದಿನೇಳು ಗಂಟೆ.

ಸ್ಟೆಂಟ್ ಹಾಕಿದರು. ಮುಚ್ಚಿದ್ದ ರಕ್ತನಾಳ ತೆರೆಯಿತು, ಸತ್ತಿದ್ದ ಸ್ನಾಯು ಬದುಕಲಿಲ್ಲ. ಆರೋಗ್ಯವಾಗಿರುವ ಹೃದಯದ ಎಡ ಕೆಳಕೋಣೆ ತನ್ನಲ್ಲಿ ತುಂಬಿಕೊಂಡ ರಕ್ತದಲ್ಲಿ ನೂರಕ್ಕೆ 55ರಿಂದ 70 ಪಾಲನ್ನು ಒಂದೊಂದು ಬಡಿತಕ್ಕೂ ಹೊರದಬ್ಬುತ್ತದೆ. ದೊಡ್ಡಮ್ಮನದು 35ಕ್ಕೆ ಇಳಿದಿತ್ತು. ಆಸ್ಪತ್ರೆಯ ಕಾರಿಡಾರಿನಲ್ಲಿ ಎಲ್ಲರೂ ಆಡುವ ಭಾಷೆಯಲ್ಲಿ ಹೇಳುವುದಾದರೆ, "ಪಂಪಿಂಗ್ ಕಮ್ಮಿಯಾಗಿದೆ." ಆಗ ಅವಳಿಗೆ 58. ಸಕ್ಕರೆ ಕಾಯಿಲೆಗೆ ಹನ್ನೆರಡು ವರ್ಷ.

ಆ ಹದಿನೇಳು ಗಂಟೆ ನನ್ನನ್ನು ಬಹಳ ಕಾಡಿತು. ನಮ್ಮ ಮನೆಯ ಮಂದಿ ಅಷ್ಟೊಂದು ದಡ್ಡರೇ ಎಂದು. ಆಮೇಲೆ ಓದುತ್ತ ಹೋದಂತೆ ತಿಳಿದದ್ದು, ಈ ವಿಷಯದಲ್ಲಿ ನಾವು ಒಂಟಿಯಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡೆನಿಸ್ ಝೇವಿಯರ್, ಪ್ರೇಮ್ ಪೈಸ್ ಮತ್ತು ಸಂಗಡಿಗರು ದೇಶದ 89 ಆಸ್ಪತ್ರೆಗಳಿಂದ 20,937 ಹೃದಯಾಘಾತದ ರೋಗಿಗಳ ವಿವರ ಕಲೆಹಾಕಿ 2008ರಲ್ಲಿ ಪ್ರಕಟಿಸಿದರು. ಅದರಲ್ಲಿ ಎರಡು ಅಂಕಿಗಳಿವೆ. ಲಕ್ಷಣ ಶುರುವಾದ ಮೇಲೆ ಆಸ್ಪತ್ರೆ ಮುಟ್ಟಲು ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರೆ ನಡುವಿಗೆ ಬರುವ ರೋಗಿಗೆ ಹಿಡಿದ ಸಮಯ 360 ನಿಮಿಷ. ಆಸ್ಪತ್ರೆಗೆ ಬಂದ ಮೇಲೆ ರಕ್ತದ ಗಡ್ಡೆ ಕರಗಿಸುವ ಚುಚ್ಚುಮದ್ದು ಬೀಳಲು ಹಿಡಿದದ್ದು 50 ನಿಮಿಷ. ಗಂಡಸು ಹೆಂಗಸು ಎಲ್ಲ ಸೇರಿದ ಲೆಕ್ಕವಿದು. ಆಸ್ಪತ್ರೆಯ ಒಳಗೆ ಆಗುವ ತಡಕ್ಕಿಂತ ಹೊರಗಿನ ತಡ ಏಳು ಪಟ್ಟು. ಹೊರಗೆಂದರೆ ಮನೆ, ರಸ್ತೆ, ಮೆಡಿಕಲ್ ಶಾಪು, ಊರಿನ ಸಣ್ಣ ಕ್ಲಿನಿಕ್ಕು. ಹೆಂಗಸರ ಹೃದ್ರೋಗದ ಬಗ್ಗೆ ಹಾರ್ಮೋನು, ಕೊಲೆಸ್ಟರಾಲು ಎಂದೆಲ್ಲ ಬರೆಯಬಹುದು, ಮುಂದೆ ಬರೆಯುತ್ತೇನೆ ಕೂಡ. ಆದರೆ ನನ್ನ ಮಟ್ಟಿಗೆ ಅದು ಮೊದಲು ಗಡಿಯಾರದ ಕಾಯಿಲೆ.

ಇಲ್ಲೊಂದು ತಪ್ಪು ಕಲ್ಪನೆಯನ್ನೂ ತೆಗೆದುಹಾಕಬೇಕು. "ಹೆಂಗಸರಿಗೆ ಎದೆನೋವೇ ಬರುವುದಿಲ್ಲ" ಎಂಬ ಮಾತು ಈಚೆಗೆ ವಾಟ್ಸ್‌ಆ್ಯಪ್‌ನಲ್ಲಿ ಧಾರಾಳವಾಗಿ ಓಡಾಡುತ್ತಿದೆ. ಅದು ನಿಜವಲ್ಲ. ಹೆಂಗಸರಲ್ಲೂ ಅತಿ ಹೆಚ್ಚು ಕಾಣಿಸುವ ಲಕ್ಷಣ ಎದೆಯದೇ. ವ್ಯತ್ಯಾಸ ಇರುವುದು ಜೊತೆಗೆ ಬರುವ ಪರಿವಾರದಲ್ಲಿ: ವಾಂತಿ, ಬೆನ್ನುನೋವು, ದವಡೆಯ ಸೆಳೆತ, ಏದುಸಿರು, ಹೇಳಲಾಗದ ಸುಸ್ತು. ಇನ್ನೊಂದು ವ್ಯತ್ಯಾಸ ಮಾತಿನದು. ದೊಡ್ಡಮ್ಮನನ್ನು ಡಾಕ್ಟರು "ಎದೆನೋವು ಬಂತಾ?" ಎಂದು ಕೇಳಿದಾಗ ಅವಳು "ಇಲ್ಲ" ಎಂದೇ ಹೇಳಿದ್ದಳು. ಆಮೇಲೆ ನಿಧಾನವಾಗಿ, "ನೋವಲ್ಲ, ಯಾರೋ ಒರಳುಕಲ್ಲು ಇಟ್ಟಂಗೆ ಭಾರ" ಎಂದಳು. ನಮ್ಮ ಹೆಂಗಸರ ಬಾಯಲ್ಲಿ ಅದು ಸಂಕಟ, ಬಿಗಿತ, ಉರಿ, ಹಿಂಡಿದಂತೆ, ಎದೆಯಲ್ಲಿ ಏನೋ ಸಿಕ್ಕಿಕೊಂಡಂತೆ. ಸೂಜಿ ಚುಚ್ಚಿದ ನೋವನ್ನಷ್ಟೇ ನೋವೆನ್ನುವ, ಹೆರಿಗೆ ಬೇನೆಯನ್ನು ತಿಂದವರ ಲೆಕ್ಕ ಅದು.

ಹೃದ್ರೋಗ ವೈದ್ಯರು ಹೇಳುವ ಒಂದು ಸರಳ ಅಳತೆ ನೆನಪಿಟ್ಟುಕೊಳ್ಳುವುದು ಸುಲಭ. ದವಡೆಯಿಂದ ಹೊಕ್ಕುಳಿನವರೆಗೆ, ಎದುರಿಗಾಗಲಿ ಬೆನ್ನಿಗಾಗಲಿ, ಹಿಂದೆಂದೂ ಇರದಿದ್ದ ಕಿರಿಕಿರಿ ಶುರುವಾಗಿ ಹದಿನೈದು ಇಪ್ಪತ್ತು ನಿಮಿಷಕ್ಕೂ ಹೋಗದಿದ್ದರೆ, ಅದರಲ್ಲೂ ತಣ್ಣನೆಯ ಬೆವರು ಜೊತೆಗಿದ್ದರೆ, ಇಸಿಜಿ ಆಗುವವರೆಗೆ ಅದು ಗ್ಯಾಸ್ ಅಲ್ಲ. ಮೆಟ್ಟಿಲು ಹತ್ತಿದಾಗ, ಬಿಂದಿಗೆ ಹೊತ್ತಾಗ ಬಂದು ಕೂತರೆ ಹೋಗುವ ಭಾರ ಇನ್ನೊಂದು ಬಗೆಯದು. ಅದು ಮುನ್ಸೂಚನೆ. ಬೆಳಗಿನವರೆಗೆ ಕಾಯಬಹುದು, ಮುಂದಿನ ತಿಂಗಳವರೆಗಲ್ಲ.

ಮನೆಯವರನ್ನೇ ಬೈದು ಕೂರುವುದೂ ನ್ಯಾಯವಲ್ಲ. ವೈದ್ಯಶಾಸ್ತ್ರವೇ ಬಹುಕಾಲ ಓಮದ ನೀರು ಕುಡಿದು ಗೋಡೆಗೆ ಒರಗಿತ್ತು. 1964ರಲ್ಲಿ ಅಮೆರಿಕದ ಆರೆಗಾನ್ ರಾಜ್ಯದಲ್ಲಿ ಹೃದ್ರೋಗದ ಬಗ್ಗೆ ಹೆಂಗಸರಿಗಾಗಿಯೇ ಒಂದು ಸಮಾವೇಶ ನಡೆಯಿತು. ಅಲ್ಲಿ ಕಲಿಸಿದ್ದು ಗಂಡನ ಹೃದಯ ಕಾಪಾಡುವುದು ಹೇಗೆಂದು! ಆಸ್ಪಿರಿನ್ ಹೃದಯಾಘಾತ ತಡೆಯುತ್ತದೆ ಎಂದು 1989ರಲ್ಲಿ ಸಾರಿದ ಹೆಸರಾಂತ ಪ್ರಯೋಗದಲ್ಲಿ 22,071 ವೈದ್ಯರಿದ್ದರು, ಒಬ್ಬ ಹೆಂಗಸೂ ಇರಲಿಲ್ಲ. ಹದಿನಾರು ವರ್ಷ ಕಳೆದು, 2005ರಲ್ಲಿ, 39,876 ಮಹಿಳೆಯರ ಮೇಲೆ ನಡೆದ ಪ್ರಯೋಗದ ಫಲ ಬಂದಾಗ ಕಂಡದ್ದೇ ಬೇರೆ. ಆರೋಗ್ಯವಂತ ಹೆಂಗಸರಲ್ಲಿ ಅದು ಪಾರ್ಶ್ವವಾಯುವನ್ನು ಸ್ವಲ್ಪ ತಗ್ಗಿಸಿತು, ಮೊದಲ ಹೃದಯಾಘಾತವನ್ನು ಒಟ್ಟಾರೆ ತಗ್ಗಿಸಲಿಲ್ಲ. ಕಾಯಿಲೆಯಿಲ್ಲದವರು ಪಕ್ಕದ ಮನೆಯವರನ್ನು ನೋಡಿ ದಿನಾ ಒಂದು ಆಸ್ಪಿರಿನ್ ನುಂಗುವುದು ಏಕೆ ಬೇಡ ಎಂಬುದಕ್ಕೆ ಇದೂ ಒಂದು ಕಾರಣ.

ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗೆ ಮೊದಲ ಮಹಿಳಾ ಮುಖ್ಯಸ್ಥೆಯಾಗಿ ಬಂದ ಹೃದ್ರೋಗ ತಜ್ಞೆ ಬರ್ನಡೀನ್ ಹೀಲಿ 1991ರಲ್ಲಿ ಇದಕ್ಕೊಂದು ಹೆಸರಿಟ್ಟರು: ಯೆಂಟಲ್ ಸಿಂಡ್ರೋಮ್. ಐಸಾಕ್ ಬಾಶೆವಿಸ್ ಸಿಂಗರ್ ಅವರ ಕಥೆಯೊಂದರಲ್ಲಿ ಯೆಂಟಲ್ ಎಂಬ ಯಹೂದಿ ಹುಡುಗಿ ಧರ್ಮಗ್ರಂಥ ಕಲಿಯಲು ಗಂಡುವೇಷ ಹಾಕಬೇಕಾಗುತ್ತದೆ. ತನ್ನ ಕಾಯಿಲೆ ಥೇಟ್ ಗಂಡಸಿನದರಂತೆಯೇ ಇದೆಯೆಂದು ತೋರಿಸುವವರೆಗೆ ಹೆಂಗಸಿಗೆ ಸರಿಯಾದ ಚಿಕಿತ್ಸೆ ಸಿಗದು ಎಂಬುದು ಹೀಲಿಯವರ ದೂರು. 1993ರಲ್ಲಿ ಅಲ್ಲಿ ಕಾನೂನೇ ಬಂತು: ಸರ್ಕಾರದ ಹಣದಲ್ಲಿ ನಡೆಯುವ ಪ್ರಯೋಗಗಳಲ್ಲಿ ಹೆಂಗಸರೂ ಇರಬೇಕು. ಆದರೂ ಹಳೆಯ ಅಭ್ಯಾಸ ಬೇಗ ಹೋಗುವುದಿಲ್ಲ. ಫ್ಲಾರಿಡಾದ ಆಸ್ಪತ್ರೆಗಳ 1991ರಿಂದ 2010ರವರೆಗಿನ ದಾಖಲೆ ತಿರುವಿದ ಸಂಶೋಧಕರು 2018ರಲ್ಲಿ ಹೇಳಿದ್ದು, ಹೃದಯಾಘಾತವಾದ ಹೆಂಗಸರು ಮಹಿಳಾ ವೈದ್ಯರ ಕೈಯಲ್ಲಿ ಹೆಚ್ಚು ಬದುಕುಳಿದಿದ್ದಾರೆ ಎಂದು. ಇನ್ನೂ ಕುತೂಹಲದ ಸಂಗತಿ, ಜೊತೆಯಲ್ಲಿ ಮಹಿಳಾ ಸಹೋದ್ಯೋಗಿಗಳು ಹೆಚ್ಚಿದ್ದಲ್ಲಿ ಗಂಡು ವೈದ್ಯರ ಫಲಿತಾಂಶವೂ ಸುಧಾರಿಸಿತ್ತು.

ಇನ್ನು ಶರೀರದ ಕಥೆ. ಮುಟ್ಟು ನಿಲ್ಲುವವರೆಗೆ ಈಸ್ಟ್ರೊಜೆನ್ ಹಾರ್ಮೋನು ರಕ್ತನಾಳಗಳಿಗೆ ಒಂದು ಮಟ್ಟದ ಕಾವಲು. ಅದಕ್ಕೇ ಹೆಂಗಸರಿಗೆ ಮೊದಲ ಹೃದಯಾಘಾತ ಬರುವುದು ಗಂಡಸರಿಗಿಂತ ಸರಾಸರಿ ಒಂಬತ್ತು ವರ್ಷ ತಡವಾಗಿ. ಈ ರಿಯಾಯಿತಿಯನ್ನು ಸಕ್ಕರೆ ಕಾಯಿಲೆ ಹೆಚ್ಚುಕಡಿಮೆ ಕಿತ್ತುಕೊಳ್ಳುತ್ತದೆ. 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ಸೇಂಟ್ ಜಾನ್ಸ್‌ನ ಅದೇ ತಂಡ ಭಾರತದ ಕಡೆಯಿಂದ ದುಡಿದಿತ್ತು. ಸಕ್ಕರೆ ಕಾಯಿಲೆ ಮತ್ತು ಬಿಪಿಯ ಹೊಡೆತ ಗಂಡಸರಿಗಿಂತ ಹೆಂಗಸರಿಗೆ ಜೋರು ಎಂದು ಅದು ತೋರಿಸಿತು. ತಂಬಾಕು, ಬಿಪಿ, ಸಕ್ಕರೆ, ರಕ್ತದ ಕೊಬ್ಬು, ಹೊಟ್ಟೆಯ ಬೊಜ್ಜು, ಮನಸ್ಸಿನ ಒತ್ತಡ, ತರಕಾರಿ ಹಣ್ಣು ಸಾಲದಿರುವುದು, ನಡೆದಾಟ ಸಾಲದಿರುವುದು, ಮದ್ಯ. ಹೆಂಗಸರ ಹೃದಯಾಘಾತಗಳಲ್ಲಿ ನೂರಕ್ಕೆ 94ರಷ್ಟು ಅಪಾಯವನ್ನು ಈ ಒಂಬತ್ತರಲ್ಲೇ ಲೆಕ್ಕ ಹಾಕಬಹುದಿತ್ತು. ಹಣೆಬರಹಕ್ಕೆ ಉಳಿದ ಪಾಲು ಕಡಿಮೆ.

ಮುಟ್ಟು ನಿಂತ ಮೇಲೆ ಹಾರ್ಮೋನು ಮಾತ್ರೆ ನುಂಗಿದರೆ ಕಾವಲು ಮರಳುತ್ತದೆಂದು ಒಂದು ಕಾಲದಲ್ಲಿ ನಂಬಿದ್ದರು. 2002ರಲ್ಲಿ ಅಮೆರಿಕದ ದೊಡ್ಡ ಪ್ರಯೋಗವೊಂದನ್ನು ಅರ್ಧಕ್ಕೇ ನಿಲ್ಲಿಸಬೇಕಾಗಿ ಬಂದು ಆ ನಂಬಿಕೆ ಕುಸಿಯಿತು. ನಮ್ಮಲ್ಲಿ ಇದರ ತಿರುವುಮುರುವು ಕಥೆಯಿದೆ. ಕಲಬುರಗಿ ಕಡೆಯ ತಾಂಡಾಗಳಲ್ಲಿ ಮೂವತ್ತು ಮೂವತ್ತೈದರ ಲಂಬಾಣಿ ಹೆಣ್ಣುಮಕ್ಕಳಿಗೆ ಬೇಕೋ ಬೇಡವೋ ಗರ್ಭಕೋಶ ತೆಗೆದ ಸುದ್ದಿ ಹಿಂದೆ ದೊಡ್ಡ ಗದ್ದಲವಾಗಿತ್ತು. ಗರ್ಭಕೋಶದ ಜೊತೆ ಅಂಡಾಶಯವನ್ನೂ ತೆಗೆದರೆ ಆ ಹೆಣ್ಣಿನ ಹೃದಯದ ಕಾವಲುಗಾರ ಹದಿನೈದು ವರ್ಷ ಮೊದಲೇ ಮನೆಗೆ ಹೋದಂತೆ. ಗದ್ದಲದಲ್ಲಿ ಈ ಮಾತನ್ನು ಆಡಿದವರು ಕಡಿಮೆ.

ಇನ್ನೊಂದು ಸಾಕ್ಷಿ ನಮ್ಮ ಮನೆಗಳ ಟ್ರಂಕಿನಲ್ಲೇ ಇರುತ್ತದೆ: ತಾಯಿ ಕಾರ್ಡು. ಬಸುರಿಯಲ್ಲಿ ಬಿಪಿ ಏರಿ ಕಾಲು ಮುಖ ಊದಿಕೊಂಡವರಿಗೆ, ಸಕ್ಕರೆ ಕಾಣಿಸಿಕೊಂಡವರಿಗೆ, ಹೆರಿಗೆಯ ನಂತರ ಎಲ್ಲ ಸರಿಹೋಯಿತು ಎಂದು ಹೇಳಿ ಕಳಿಸುತ್ತಾರೆ. ಸರಿಹೋಗಿರುವುದೂ ನಿಜ. ಆದರೆ ಬಸುರಿಯ ಬಿಪಿ ಜೋರಾಗಿ ಪ್ರಿಎಕ್ಲಾಂಪ್ಸಿಯಾ ಆದವರಿಗೆ ಮುಂದೆ ಹೃದ್ರೋಗದ ಅಪಾಯ ಉಳಿದವರ ಎರಡರಷ್ಟು. ಬಸುರಿ ಎಂದರೆ ಹೃದಯಕ್ಕೆ ಒಂಬತ್ತು ತಿಂಗಳ ಪರೀಕ್ಷೆ, ಅದರ ಅಂಕಪಟ್ಟಿ ಆ ಕಾರ್ಡು. ಇಪ್ಪತ್ತೈದು ವರ್ಷದ ಮೇಲೆ ಎದೆಭಾರವೆಂದು ಹೋದಾಗ "ನಿಮಗೆ ಹೆರಿಗೆಯಲ್ಲಿ ಬಿಪಿ ಇತ್ತೇ?" ಎಂದು ಯಾರೂ ಕೇಳದಿದ್ದರೆ ನೀವೇ ಹೇಳಿ. ದೊಡ್ಡಮ್ಮನಿಗೆ ಎರಡನೇ ಹೆರಿಗೆಯಲ್ಲಿ ಕೈ ಬಳೆ ಒಡೆದು ತೆಗೆಯುವಷ್ಟು ಊತವಿತ್ತಂತೆ. ಅದನ್ನು ಅವಳು ತಮಾಷೆಯ ಕಥೆಯಾಗಿ ಹೇಳುತ್ತಿದ್ದಳು.

ಕೆಲವರಿಗೆ ಆಂಜಿಯೋಗ್ರಾಮ್ ಮಾಡಿದರೂ ದೊಡ್ಡ ನಾಳಗಳಲ್ಲಿ ಅಡ್ಡಿ ಕಾಣುವುದಿಲ್ಲ. "ನಾರ್ಮಲ್ ಇದೆ, ಟೆನ್ಷನ್ ಮಾಡ್ಕೋಬೇಡಿ" ಎಂದು ಕಳಿಸಿಬಿಡುವುದುಂಟು. ಆಂಜಿಯೋಗ್ರಾಮಿನ ಕಣ್ಣಿಗೆ ಬೀಳದ ಕೂದಲೆಳೆಯ ನಾಳಗಳು ಬಿಗಿದುಕೊಂಡರೂ ಹೃದಯಕ್ಕೆ ರಕ್ತ ಸಾಲದೆ ಹೋಗಬಹುದು, ಮತ್ತು ಇದು ಹೆಂಗಸರಲ್ಲೇ ಹೆಚ್ಚು. ಬಾಣಂತಿಯರಲ್ಲಿ, ಎಳೆ ವಯಸ್ಸಿನವರಲ್ಲಿ ಹೃದಯದ ರಕ್ತನಾಳದ ಒಳಪದರ ತಾನಾಗಿ ಸೀಳಿಕೊಂಡು ಹೃದಯಾಘಾತ ಆಗುವುದೂ ಉಂಟು. ಇನ್ನು ಗಂಡನನ್ನೋ ಮಗನನ್ನೋ ಕಳೆದುಕೊಂಡ ಹೆಂಗಸು "ಎದೆಯೊಡೆದು ಸತ್ತಳು" ಎನ್ನುವ ನಮ್ಮ ಮಾತು ಬರೀ ಅಲಂಕಾರವಲ್ಲ. ತೀವ್ರ ದುಃಖದಲ್ಲಿ ಹೃದಯದ ತುದಿ ಬಲೂನಿನಂತೆ ಉಬ್ಬಿ ಬಡಿತ ಮರೆಯುವ ಸ್ಥಿತಿಯನ್ನು 1990ರಲ್ಲಿ ಜಪಾನಿನ ವೈದ್ಯರು ವಿವರಿಸಿದರು. ಆಗಿನ ಹೃದಯದ ಆಕಾರ ಅಲ್ಲಿನ ಬೆಸ್ತರು ಆಕ್ಟೋಪಸ್ ಹಿಡಿಯುವ ಮಡಕೆಯಂತಿದೆಯೆಂದು ಆ ಮಡಕೆಯ ಹೆಸರನ್ನೇ ಇಟ್ಟರು: ತಕೊತ್ಸುಬೊ. ಹತ್ತರಲ್ಲಿ ಒಂಬತ್ತು ಮಂದಿ ಹೆಂಗಸರು, ಬಹುಪಾಲು ಮುಟ್ಟು ನಿಂತವರು. ಸಮಯಕ್ಕೆ ಆಸ್ಪತ್ರೆಗೆ ಬಂದರೆ ಹೆಚ್ಚಿನವರು ಕೆಲವೇ ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ.

ಚಿಕ್ಕವರ ಹೃದ್ರೋಗವೆಂದರೆ ನಮ್ಮ ಹಳ್ಳಿಗಳಲ್ಲಿ ಈಗಲೂ ವಾಲ್ವಿನದು. ಬಾಲ್ಯದಲ್ಲಿ ಗಂಟಲು ನೋವು, ಕೀಲುನೋವು ಬಂದು, ವಾಲ್ವನ್ನು ಕೆಡಿಸಿ ಹೋಗಿರುತ್ತದೆ. ಸೀಮಂತದ ಹೊತ್ತಿಗೆ ಏದುಸಿರು. "ರಕ್ತ ಕಮ್ಮಿ" ಎಂದು ಟಾನಿಕ್ ಕೊಡುತ್ತಾರೆ. ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇರುವಾಗ ಆ ಊಹೆ ಸಹಜವೇ, ಅಪಾಯವೂ ಅಲ್ಲೇ. ಕಿರಿದಾದ ವಾಲ್ವನ್ನು ತೊಡೆಯ ರಕ್ತನಾಳದಿಂದ ಬಲೂನು ತೂರಿಸಿ ಹಿಗ್ಗಿಸಬಹುದು. ಬೆಂಗಳೂರಿನ ಜಯದೇವ ಸಂಸ್ಥೆಗೆ ಈ ಚಿಕಿತ್ಸೆಯಲ್ಲಿ ಹೆಸರಿದೆ. ಆಮೇಲೆ ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಚುಚ್ಚುಮದ್ದು ತಪ್ಪಿಸಬಾರದು. ಮದುವೆಯಾಗಿ ಊರು ಬದಲಾದಾಗ ಈ ಚುಚ್ಚುಮದ್ದು ತಪ್ಪುತ್ತದೆ, ಅತ್ತೆಮನೆಯಲ್ಲಿ ಹೇಳಲು ಹೆದರಿ.

ತಡೆಯುವುದರ ಮಾತಿಗೆ ಬಂದರೆ "ವಾಕಿಂಗ್ ಹೋಗಿ" ಎನ್ನುವುದು ಸುಲಭ. ದೊಡ್ಡಮ್ಮನ ಉತ್ತರ ಸಿದ್ಧವಿತ್ತು: "ದಿನಾ ಪೂರ್ತಿ ಓಡಾಡ್ತಾನೇ ಇರ್ತೀನಲ್ಲೇ." ಅಡುಗೆಮನೆಯಿಂದ ಹಿತ್ತಿಲಿಗೆ ನೂರು ಸಲ ಹೋಗಿಬಂದರೂ ಹೃದಯ ಬಡಿತ ಬೇಕಾದಷ್ಟು ಏರುವುದಿಲ್ಲ, ದಣಿವು ಮಾತ್ರ ಆಗುತ್ತದೆ. ವಾರಕ್ಕೆ 150 ನಿಮಿಷ, ಮಾತಾಡಬಹುದು ಆದರೆ ಹಾಡಲಾಗದು ಎನ್ನುವಷ್ಟು ಬಿರುಸಾದ ನಡಿಗೆ ಬೇಕು. ಸೊಂಟದ ಅಳತೆ 80 ಸೆಂಟಿಮೀಟರ್ ದಾಟಬಾರದು ಎನ್ನುತ್ತಾರೆ. ಟೇಪು ಹುಡುಕಬೇಕಿಲ್ಲ, ಲಂಗದ ಲಾಡಿ ವರ್ಷದಿಂದ ವರ್ಷಕ್ಕೆ ಸಾಲದೆ ಬರುತ್ತಿದ್ದರೆ ಅದೇ ಟೇಪು. ಎಲ್ಲರಿಗೂ ಬಡಿಸಿ ಕೊನೆಗೆ ಕೂತು, ಮಿಕ್ಕ ಅನ್ನಕ್ಕೆ ತಳದ ಸಾರು ಸುರಿದು ಉಪ್ಪಿನಕಾಯಿ ನೆಂಚಿಕೊಳ್ಳುವ ಊಟದಲ್ಲಿ ಪಲ್ಯ, ಕಾಳು ಇರುವುದೇ ಇಲ್ಲ. ಅವು ಮೊದಲ ಪಂಕ್ತಿಗೇ ಖಾಲಿ. ಉಪ್ಪು ದಿನಕ್ಕೆ ಐದು ಗ್ರಾಂ, ಅಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ. ಹಪ್ಪಳ ಸಂಡಿಗೆಯದೂ ಸೇರಿ. ಎಲೆ ಅಡಿಕೆಯ ಜೊತೆ ಹೊಗೆಸೊಪ್ಪು, ಹಲ್ಲಿಗೆ ಕಡ್ಡಿಪುಡಿ ಹಾಕುವ ಅಜ್ಜಿಯರನ್ನು ತಂಬಾಕಿನ ಲೆಕ್ಕದಲ್ಲಿ ಯಾರೂ ಹಿಡಿಯುವುದಿಲ್ಲ. ಹೃದಯ ಹಿಡಿಯುತ್ತದೆ.

ಒಲೆಯ ಹೊಗೆಯೂ ಈ ಪಟ್ಟಿಯದೇ. ಶ್ವಾಸಕೋಶಕ್ಕೆ ಇಳಿದ ಸೂಕ್ಷ್ಮ ಕಣ ರಕ್ತನಾಳಕ್ಕೂ ಕೇಡು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಕಟ್ಟಿದ ಅಸ್ತ್ರ ಕೇಂದ್ರ ರೂಪಿಸಿದ ಹೊಗೆ ಕೊಳವೆಯ ಅಸ್ತ್ರ ಒಲೆ ನಮ್ಮಜ್ಜಿಯ ಮನೆಯಲ್ಲೂ ಇತ್ತು. ಸೌದೆ ಉಳಿಯುತ್ತದೆಂದು ಹಾಕಿಸಿದ್ದು, ಉಳಿದದ್ದು ಇನ್ನೂ ಏನೇನೋ ಇರಬೇಕು. ಈಗ ಗ್ಯಾಸ್ ಸಿಲಿಂಡರು ಬಂದಿದ್ದರೂ ನೀರು ಕಾಯಿಸಲು ಹಂಡೆಯೊಲೆ ಉಳಿದಿದೆ.

ನನ್ನನ್ನು ಕೇಳಿದರೆ ಎಲ್ಲಕ್ಕಿಂತ ಹೆಚ್ಚು ಪ್ರಾಣ ಉಳಿಸುವುದು ನಿತ್ಯದ ಮಾತ್ರೆ. ನಮ್ಮಲ್ಲಿ ಬಿಪಿ ಮಾತ್ರೆಯನ್ನು ಜ್ವರದ ಮಾತ್ರೆಯಂತೆ ಕಾಣುತ್ತಾರೆ. ಬಿಪಿ ನಾರ್ಮಲ್ ಬಂತು, ನಿಲ್ಲಿಸಿದೆ. ಏಕಾದಶಿ, ಶ್ರಾವಣ ಸೋಮವಾರ, ಹೊಟ್ಟೆಗಿಲ್ಲ, ಮಾತ್ರೆಯೂ ಇಲ್ಲ. ಮಾತ್ರೆಯಿಂದಲೇ ಅದು ನಾರ್ಮಲ್ ಬಂದದ್ದು. ಉಪವಾಸ ಮಾಡುವವರು ಸಕ್ಕರೆ ಮಾತ್ರೆಯ ಬಗ್ಗೆ ಮೊದಲೇ ಡಾಕ್ಟರನ್ನು ಕೇಳಿಕೊಂಡರೆ ದೇವರೇನೂ ಬೇಸರಪಡುವುದಿಲ್ಲ. ಸ್ಟೆಂಟ್ ಹಾಕಿಸಿಕೊಂಡವರಂತೂ ರಕ್ತ ತೆಳುವಾಗಿಸುವ ಮಾತ್ರೆಯನ್ನು ಹಲ್ಲು ಕೀಳಿಸಲೆಂದೋ ಮುಟ್ಟಿನ ಸ್ರಾವ ಜಾಸ್ತಿಯಾಯಿತೆಂದೋ ತಾವೇ ನಿಲ್ಲಿಸಕೂಡದು. ಸ್ರಾವದ ವಿಷಯವನ್ನು ಗಂಡು ಡಾಕ್ಟರಿಗೆ ಹೇಳಲು ನಾಚಿ ಮಾತ್ರೆ ಬಿಟ್ಟು, ಸ್ಟೆಂಟ್ ಕಟ್ಟಿಕೊಂಡು ಮತ್ತೆ ಬರುವವರಿದ್ದಾರೆ.

ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು, 46ನೇ ವಯಸ್ಸಿನಲ್ಲಿ ಹೋದಾಗ ರಾಜ್ಯವೇ ತನ್ನ ಎದೆ ಮುಟ್ಟಿ ನೋಡಿಕೊಂಡಿತು. ಆಗ ನಡೆದ ಚರ್ಚೆಯೆಲ್ಲ ಜಿಮ್ಮಿನ ಗಂಡುಮಕ್ಕಳದು. ಆದರೆ ಅವರ ಹೆಸರಿನಲ್ಲಿ ಆಮೇಲೆ ಬಂದ ಹೃದಯ ಜ್ಯೋತಿ ಯೋಜನೆ ದೊಡ್ಡಮ್ಮನಂಥವರಿಗೇ ಹೆಚ್ಚು ಬೇಕಾದದ್ದು. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ಜಯದೇವದಂಥ ದೊಡ್ಡ ಕೇಂದ್ರದ ತಜ್ಞರು ದೂರದಿಂದಲೇ ನೋಡಿ ಹೇಳುತ್ತಾರೆ. ಬೇಕಿದ್ದರೆ ಗಡ್ಡೆ ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ಅಲ್ಲೇ, ಉಚಿತವಾಗಿ. ಮೊದಲ ಗಂಟೆಯಲ್ಲಿ ಬಿದ್ದರೆ ಅದರ ಫಲವೇ ಬೇರೆ. ಹನ್ನೆರಡು ಗಂಟೆ ದಾಟಿದರೆ ಸಾಮಾನ್ಯವಾಗಿ ಕೊಡುವುದೇ ಇಲ್ಲ. ಆ ಹೊತ್ತಿನಲ್ಲಿ ಮನೆಯವರು ಮಾಡಬೇಕಾದ್ದು ಇಷ್ಟೆ: 108ಕ್ಕೆ ಕರೆ, ಅವಳನ್ನು ನಡೆಸದೆ ಕೂರಿಸುವುದು, ಆಸ್ಪಿರಿನ್ ಒಗ್ಗದವರೋ ಹೊಟ್ಟೆಯಲ್ಲಿ ರಕ್ತಸ್ರಾವದ ಹುಣ್ಣಿರುವವರೋ ಅಲ್ಲವಾದರೆ, ಫೋನಿನಲ್ಲಿ ವೈದ್ಯರು ಹೇಳಿದಂತೆ 300 ಮಿಲಿಗ್ರಾಂ ಆಸ್ಪಿರಿನ್ ಅಗಿಸುವುದು. ಮೊದಲ ಇಸಿಜಿ ಸರಿ ಬಂದರೂ ಹೊರಟುಬಿಡಬಾರದು. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ಇಸಿಜಿ, ರಕ್ತದ ಟ್ರೊಪೋನಿನ್ ಪರೀಕ್ಷೆ ಕೇಳಿ ಮಾಡಿಸಬೇಕು.

ದೊಡ್ಡಮ್ಮ ಆಸ್ಪತ್ರೆಯಿಂದ ಬಂದ ಎಂಟನೇ ದಿನಕ್ಕೆ ಒಲೆಯ ಮುಂದಿದ್ದಳು. ಅದೇ ವರ್ಷ ಸ್ಟೆಂಟ್ ಹಾಕಿಸಿಕೊಂಡ ದೊಡ್ಡಪ್ಪನ ತಮ್ಮನಿಗೆ ಮೂರು ತಿಂಗಳು ಕಾಫಿ ಕೈಗೇ ಬಂತು. ನಾನೇ ಜಗಳವಾಡಿ ಅವಳನ್ನು ಬೆಂಗಳೂರಿಗೆ ಕರೆತಂದು ಒಂದೂವರೆ ತಿಂಗಳು ಇಟ್ಟುಕೊಂಡೆ. ಮೊದಲ ವಾರ ಪಾರ್ಕಿನ ಒಂದು ಸುತ್ತಿಗೇ ಬೆಂಚು ಹುಡುಕುತ್ತಿದ್ದವಳು ಹೊರಡುವ ಹೊತ್ತಿಗೆ ಆರು ಸುತ್ತು ಹಾಕುತ್ತಿದ್ದಳು. ಪಂಪಿಂಗ್ ಈಗ 42. ಅವಳಿಗೆ ಈ ಅಂಕಿ ಬಾಯಿಪಾಠ. ಬಂದವರಿಗೆಲ್ಲ ಎಸ್ಸೆಸ್ಸೆಲ್ಸಿ ಫಲಿತಾಂಶದಂತೆ ಹೇಳುತ್ತಾಳೆ.

ಹೋದ ಕಾರ್ತಿಕದಲ್ಲಿ ಎದುರು ಮನೆಯಾಕೆ ರಾತ್ರಿ ಹತ್ತಕ್ಕೆ ಬಾಗಿಲು ತಟ್ಟಿ, "ಅಕ್ಕಾ, ಸ್ವಲ್ಪ ಓಮ ಇದ್ರೆ ಕೊಡಿ, ಎದೆ ಹಿಡ್ಕೊಂಡಂಗಿದೆ" ಅಂದಳಂತೆ. ದೊಡ್ಡಮ್ಮ ಓಮ ಕೊಡಲಿಲ್ಲ. "ಬೆವರು ಬಂತಾ? ಎಷ್ಟು ಹೊತ್ತಾಯ್ತು?" ಎಂದು ಕೇಳಿ, ಮಗನನ್ನು ಎಬ್ಬಿಸಿ, ಕಾರು ತೆಗೆಸಿ, ತಾನೂ ಜೊತೆಗೆ ಹತ್ತಿದಳು. ತಾಲ್ಲೂಕು ಆಸ್ಪತ್ರೆಯಲ್ಲಿ ಎರಡು ಸಲ ಇಸಿಜಿ, ಒಂದು ರಕ್ತಪರೀಕ್ಷೆ. ಎಲ್ಲ ಸರಿಯಾಗಿತ್ತು. ಸುಮ್ಮನೆ ನಿದ್ದೆಗೆಡಿಸಿದರೆಂದು ಆಕೆಯ ಗಂಡ ದಾರಿಯುದ್ದಕ್ಕೂ ಗೊಣಗಿದನಂತೆ. ಮನೆ ಮುಟ್ಟಿದಾಗ ಬೆಳಗಿನ ಮೂರು ಗಂಟೆ. ದೊಡ್ಡಮ್ಮ ಚಪ್ಪಲಿ ಬಿಟ್ಟು ನೇರ ಅಡುಗೆಮನೆಗೆ ಹೋಗಿ, ಓಮದ ನೀರು ಕಾಯಿಸಿ, ಲೋಟಕ್ಕೆ ಬಗ್ಗಿಸಿ ಎದುರು ಮನೆಗೆ ತೆಗೆದುಕೊಂಡು ಹೋದಳು.